ಹ್ಯಾರಿ ಪಾಟರ್ ಲೋಕ: ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಈ ಲೋಕಕ್ಕೆ ಕಾಲಿಟ್ಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಹಳಬರು ವಾದ ಮಾಡುವ ವಿಷಯಗಳೂ ಅಷ್ಟೇ, ಇಪ್ಪತ್ತು ವರ್ಷದಿಂದ ಅವೇ. ಎರಡನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಏಳೂ ಪುಸ್ತಕ ಓದಿ ಮುಗಿಸದವರು ಮೊದಲ ಮೂರು ಪ್ರಶ್ನೆ ಓದಿ ದಯವಿಟ್ಟು ನಿಲ್ಲಿಸಿ. ಯಾರು ಸತ್ತರು, ಯಾರು ಮೋಸ ಮಾಡಿದರು ಎಲ್ಲ ಆಮೇಲೆ ಬರುತ್ತದೆ. ಮೊದಲ ಓದಿನ ಆ ಖುಷಿ ಒಂದೇ ಸಲ ಸಿಗುವುದು, ಅದನ್ನು ಕಳೆದುಕೊಳ್ಳಬೇಡಿ.

ಪುಸ್ತಕ ಮೊದಲೋ, ಸಿನಿಮಾ ಮೊದಲೋ?

ಪುಸ್ತಕ. ಪ್ರಕಟವಾದ ಕ್ರಮದಲ್ಲೇ ಓದಿ. ಮೊದಲನೆಯದು 1997ರ ಜೂನ್ 26ಕ್ಕೆ ಬಂತು, ಗಟ್ಟಿ ರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ. ಏಳನೆಯದು ಬಂದದ್ದು 2007ರ ಜುಲೈ 21ಕ್ಕೆ. ಸಿನಿಮಾಗಳು ಎಂಟು, 2001ರಿಂದ 2011ರವರೆಗೆ.

ಸಿನಿಮಾ ಚೆನ್ನಾಗಿಲ್ಲ ಅಂತಲ್ಲ. ಆದರೆ ಕಳೆದುಹೋದದ್ದು ಜಾಸ್ತಿ. ಪೀವ್ಸ್ ಅನ್ನುವ ತರಲೆ ಭೂತ ಎಂಟು ಸಿನಿಮಾದಲ್ಲಿ ಎಲ್ಲೂ ಇಲ್ಲ. ರಿಕ್ ಮೇಯಲ್ ಆ ಪಾತ್ರ ಮಾಡಿದ್ದರು, ದೃಶ್ಯಗಳನ್ನು ಕತ್ತರಿಸಿಬಿಟ್ಟರು. ಹ್ಯಾರಿಯ ಮಾಯಾಶಾಲೆ ಹಾಗ್ವಾರ್ಟ್ಸ್‌ನಲ್ಲಿ ಯಾರು ಎಲ್ಲಿದ್ದಾರೆ ಅಂತ ತೋರಿಸುವ ಮರಾಡರ್ಸ್ ನಕ್ಷೆ ಬರೆದವರು ಯಾರು ಅನ್ನುವುದನ್ನೂ ಸಿನಿಮಾ ಬಿಡಿಸಿ ಹೇಳುವುದಿಲ್ಲ. ಮೂರನೇ ಕಥೆಯ ಜೀವವೇ ಅದು. ಬರೀ ಸಿನಿಮಾ ನೋಡಿದವರಿಗೆ ಆ ನಕ್ಷೆ ಒಂದು ಆಟದ ಸಾಮಾನು, ಅಷ್ಟೇ.

ಹೆಸರುಗಳನ್ನು ಹೇಗೆ ಹೇಳಬೇಕು, ಹೇಗೆ ಬರೆಯಬೇಕು?

ಹ್ಯಾರಿಯ ಸ್ನೇಹಿತೆಯ ಹೆಸರು ಹರ್ಮಯನಿ. ಒತ್ತು "ಮ" ಮೇಲೆ. ಹರ್ಮಿಯೋನ್ ಅಲ್ಲ, ಹರ್ಮಿಯೋನಿ ಅಲ್ಲ. ಇದು ನಮಗೆ ಮಾತ್ರ ಕಷ್ಟ ಅಂದುಕೊಳ್ಳಬೇಡಿ, ಇಂಗ್ಲಿಷಿನವರೂ ತಪ್ಪು ಹೇಳುತ್ತಿದ್ದರು. ಅದಕ್ಕೇ ನಾಲ್ಕನೇ ಪುಸ್ತಕದಲ್ಲಿ ಅವಳು ವಿಕ್ಟರ್ ಕ್ರಮ್‌ಗೆ ತನ್ನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿಕೊಡುತ್ತಾಳೆ. ಓದುಗರಿಗೂ ಆ ನೆಪದಲ್ಲಿ ಪಾಠ ಆಯಿತು.

ಖಳನಾಯಕ ವೋಲ್ಡೆಮಾರ್ಟ್ ಹೆಸರಿನ ಕೊನೆಯ "ಟ" ಉಚ್ಚಾರ ಮಾಡಬಾರದು ಅಂತ ಲೇಖಕಿಯೇ ಹೇಳಿದ್ದಾರೆ. ಆದರೆ ಸಿನಿಮಾದಲ್ಲಿ ಎಲ್ಲರೂ "ಟ" ಸೇರಿಸಿಯೇ ಹೇಳುತ್ತಾರೆ. ಅದೇ ಕಿವಿಗೆ ಕೂತುಬಿಟ್ಟಿದೆ, ಇಲ್ಲೂ ಹಾಗೇ ಬರೆದಿದ್ದೇನೆ. ಲೇಖಕಿಯ ಹೆಸರು ರೌಲಿಂಗ್ ಅಲ್ಲ, ರೋಲಿಂಗ್. ಡಂಬಲ್‌ಡೋರ್ ಅನ್ನುವುದು ದುಂಬಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಹೆಸರು. ಶಾಲೆಯ ಹೆಡ್‌ಮಾಸ್ಟರ್ ಆದ ಆತ ತನ್ನಷ್ಟಕ್ಕೆ ಗುನುಗುತ್ತಾ ಓಡಾಡುವುದನ್ನು ಕಲ್ಪಿಸಿಕೊಂಡು ಆ ಹೆಸರು ಇಟ್ಟರಂತೆ.

"ಕ್ಯಾನನ್" ಅಂತಾರಲ್ಲ, ಏನದು?

ಈ ಲೋಕದಲ್ಲಿ ನಿಜವಾಗಿ ನಡೆದದ್ದು ಅಂತ ಎಲ್ಲರೂ ಒಪ್ಪುವ ಸಂಗತಿ. ಪುಸ್ತಕದಲ್ಲಿ ಇಲ್ಲದಿದ್ದರೂ ನಮ್ಮ ಮನಸ್ಸಿಗೆ ಸರಿ ಅನ್ನಿಸಿದ್ದು "ಹೆಡ್‌ಕ್ಯಾನನ್".

ಏಳು ಪುಸ್ತಕಗಳ ವಿಷಯದಲ್ಲಿ ಜಗಳ ಇಲ್ಲ. ಅದರಾಚೆಗೆ ಹೋದರೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದೇ ಸಮಸ್ಯೆ. ಲೇಖಕಿ ಸಂದರ್ಶನದಲ್ಲಿ ಹೇಳಿದ್ದು, ಪಾಟರ್‌ಮೋರ್ ತಾಣಕ್ಕೆ ಬರೆದದ್ದು, 2016ರ ನಾಟಕ "ಕರ್ಸ್ಡ್ ಚೈಲ್ಡ್", ಆಮೇಲಿನ ನ್ಯೂಟ್ ಸ್ಕಮ್ಯಾಂಡರ್‌ನ "ಫೆಂಟಾಸ್ಟಿಕ್ ಬೀಸ್ಟ್ಸ್" ಸಿನಿಮಾಗಳು, ಎಲ್ಲ ಒಂದೇ ತೂಕದವಾ? ನನ್ನ ಮಟ್ಟಿಗೆ ಅಲ್ಲ. ಒಂದು ಉದಾಹರಣೆ ನೋಡಿ. ಐದನೇ ಪುಸ್ತಕದಲ್ಲಿ ಅಂಬ್ರಿಜ್ ಕೇಳಿದಾಗ ಮೆಕ್‌ಗಾನಗಲ್ ಮೇಡಂ ಕೊಡುವ ಉತ್ತರ, ಈ ಡಿಸೆಂಬರಿಗೆ ಪಾಠ ಮಾಡೋಕೆ ಶುರು ಮಾಡಿ ಮೂವತ್ತೊಂಬತ್ತು ವರ್ಷ ಅಂತ. ಅದು 1995. ಅಂದರೆ ಅವರು ಸೇರಿದ್ದು 1956ರಲ್ಲಿ. 2018ರ ಸಿನಿಮಾದಲ್ಲಿ ನೋಡಿದರೆ ಅವರು 1927ರಲ್ಲೇ ಹಾಗ್ವಾರ್ಟ್ಸ್‌ನಲ್ಲಿ ಮೇಡಂ! ಎರಡೂ ನಿಜ ಆಗೋಕೆ ಸಾಧ್ಯವಿಲ್ಲ. ಹೀಗೆ ಡಿಕ್ಕಿ ಹೊಡೆದಾಗ ನಾನು ಪುಸ್ತಕದ ಪುಟವನ್ನೇ ನಂಬುತ್ತೇನೆ. ಯಾರ ಜೊತೆಗಾದರೂ ವಾದಕ್ಕೆ ಇಳಿಯುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಇದು ಪುಟದಲ್ಲಿ ಇದೆಯಾ, ಲೇಖಕಿ ಬಾಯಲ್ಲಿ ಹೇಳಿದ್ದಾ, ಅಥವಾ ಅಭಿಮಾನಿಗಳು ಕಟ್ಟಿದ್ದಾ? ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕಥೆ ನಡೆಯುವುದು ಯಾವ ವರ್ಷದಲ್ಲಿ?

ಹ್ಯಾರಿ ಹುಟ್ಟಿದ್ದು 1980ರ ಜುಲೈ 31. ಶಾಲೆ ಸೇರಿದ್ದು 1991. ಹಾಗ್ವಾರ್ಟ್ಸ್ ಯುದ್ಧ 1998ರ ಮೇ 2.

ಈ ಲೆಕ್ಕ ಮೊದಲು ಸಿಕ್ಕಿದ್ದು ಒಂದು ಕೇಕಿನ ಮೇಲೆ. ಎರಡನೇ ಪುಸ್ತಕದಲ್ಲಿ ತಲೆ ಅರ್ಧ ಕತ್ತರಿಸಿದ ನಿಕ್ ಅನ್ನುವ ಭೂತ ತನ್ನ ಐನೂರನೇ ಸಾವಿನ ದಿನ ಆಚರಿಸುತ್ತಾನೆ. ಆ ಕೇಕಿನ ಮೇಲೆ ಸತ್ತ ತಾರೀಕು ಬರೆದಿದೆ: 1492ರ ಅಕ್ಟೋಬರ್ 31. ಐನೂರು ಕೂಡಿಸಿ, 1992. ಅಭಿಮಾನಿಗಳು ಇಡೀ ಕಾಲಗಣನೆ ಕಟ್ಟಿದ್ದು ಈ ಒಂದು ಸಾಲಿನಿಂದ. ಏಳನೇ ಪುಸ್ತಕದಲ್ಲಿ ಹ್ಯಾರಿಯ ಅಪ್ಪ ಜೇಮ್ಸ್, ಅಮ್ಮ ಲಿಲಿಯ ಸಮಾಧಿ ಕಲ್ಲಿನ ಮೇಲೆ 1981ರ ಅಕ್ಟೋಬರ್ 31 ಅಂತ ಕಂಡಾಗ ಲೆಕ್ಕ ಸರಿ ಅಂತ ಖಾತ್ರಿ ಆಯಿತು.

ಆದರೆ ವಾರ ಮಾತ್ರ ಹೊಂದುವುದಿಲ್ಲ. ಮೊದಲ ಪುಸ್ತಕ ಶುರುವಾಗುವುದು ಮಂಗಳವಾರ. 1981ರ ನವೆಂಬರ್ 1 ನಿಜಕ್ಕೂ ಭಾನುವಾರ. ಹ್ಯಾರಿಯ ಹನ್ನೊಂದನೇ ಹುಟ್ಟುಹಬ್ಬವೂ ಪುಸ್ತಕದಲ್ಲಿ ಮಂಗಳವಾರ, ಕ್ಯಾಲೆಂಡರಿನಲ್ಲಿ ಬುಧವಾರ. ಇನ್ನೊಂದು, 1994ರ ಬೇಸಿಗೆಯಲ್ಲಿ ಡಡ್ಲಿ ತನ್ನ ಪ್ಲೇಸ್ಟೇಷನ್ನನ್ನು ಕಿಟಕಿಯಿಂದ ಎಸೆದ ಅಂತ ಹ್ಯಾರಿ ಕಾಗದ ಬರೆಯುತ್ತಾನೆ. ಆಗ ಅದು ಜಪಾನಿನಲ್ಲೂ ಬಂದಿರಲಿಲ್ಲ, ಬ್ರಿಟನ್ನಿಗೆ ಬಂದದ್ದು 1995ರಲ್ಲಿ.

ಹಾಗ್ವಾರ್ಟ್ಸ್‌ನಲ್ಲಿ ಎಷ್ಟು ಮಕ್ಕಳು?

ಲೇಖಕಿ ಒಮ್ಮೆ ಸುಮಾರು ಸಾವಿರ ಅಂದಿದ್ದರು. ಪುಟದಿಂದ ಲೆಕ್ಕ ಹಾಕಿದರೆ ಅಷ್ಟು ಬರುವುದಿಲ್ಲ. ಹ್ಯಾರಿಯ ಕೋಣೆಯಲ್ಲಿ ಐದು ಜನ ಹುಡುಗರು. ಹುಡುಗಿಯರೂ ಅಷ್ಟೇ ಅಂದುಕೊಂಡರೆ ಒಂದು ಮನೆಗೆ, ಅಂದರೆ ಶಾಲೆಯ ಒಂದು "ಹೌಸ್"ಗೆ, ವರ್ಷಕ್ಕೆ ಹತ್ತು. ನಾಲ್ಕು ಮನೆ, ಏಳು ವರ್ಷ, ಒಟ್ಟು 280. ಎರಡು ಮನೆಯವರು ಒಟ್ಟಿಗೆ ಹಾರೋಕೆ ಕಲಿಯುವ ದಿನ ನೆಲದ ಮೇಲೆ ಇಪ್ಪತ್ತು ಪೊರಕೆ ಇದ್ದವು, ಅದಕ್ಕೂ ಇದು ಹೊಂದುತ್ತದೆ. ಆದರೆ ಮೂರನೇ ಪುಸ್ತಕದ ಕ್ವಿಡಿಚ್ (ಪೊರಕೆ ಮೇಲೆ ಹಾರುತ್ತಾ ಆಡುವ ಆಟ) ಪಂದ್ಯದಲ್ಲಿ ಸ್ಲಿಥರಿನ್ ಮನೆಯ ಕಡೆ ಹಸಿರು ಬಟ್ಟೆ ತೊಟ್ಟವರೇ ಇನ್ನೂರು! ವೋಲ್ಡೆಮಾರ್ಟ್ ಜೊತೆಗಿನ ಮೊದಲ ಯುದ್ಧದ ಕಾಲದಲ್ಲಿ ಮಕ್ಕಳು ಕಮ್ಮಿ ಹುಟ್ಟಿದರು, ಅದಕ್ಕೇ ಹ್ಯಾರಿಯ ತರಗತಿ ಚಿಕ್ಕದು ಅನ್ನುವುದು ಅಭಿಮಾನಿಗಳ ಉತ್ತರ. ನನಗೆ ಅದು ತುಂಬಾ ಇಷ್ಟ. ಖಾಲಿ ಹಾಸಿಗೆಗಳಲ್ಲೂ ಆ ಯುದ್ಧ ಕಾಣುತ್ತದೆ ಅಲ್ವಾ?

ಅವರ ದುಡ್ಡಿನ ಲೆಕ್ಕ ಹೇಗೆ?

29 ನಟ್‌ಗೆ ಒಂದು ಸಿಕಲ್, 17 ಸಿಕಲ್‌ಗೆ ಒಂದು ಗ್ಯಾಲಿಯನ್. ಅಂದರೆ ಒಂದು ಗ್ಯಾಲಿಯನ್‌ಗೆ 493 ನಟ್. ಹ್ಯಾರಿಯ ಮಂತ್ರದಂಡಕ್ಕೆ 7 ಗ್ಯಾಲಿಯನ್, ನೈಟ್ ಬಸ್ಸಿನ (Knight Bus, ಮಾಟಗಾರರ ಬಸ್ಸು) ಚಾರ್ಜು 11 ಸಿಕಲ್, ಪೇಪರ್ ತಂದ ಗೂಬೆಗೆ 5 ನಟ್. ಒಂದು ಗ್ಯಾಲಿಯನ್ ಸುಮಾರು 5 ಪೌಂಡ್ ಅಂತ ಲೇಖಕಿ ಹೇಳಿದ್ದರು.

ನಕ್ಷೆಯಲ್ಲಿ ರಾನ್ ಪಕ್ಕ ಮಲಗಿದ್ದ ಪೀಟರ್ ಪೆಟಿಗ್ರೂ ಹೆಸರು ಫ್ರೆಡ್, ಜಾರ್ಜ್ ಕಣ್ಣಿಗೆ ಬೀಳಲೇ ಇಲ್ವಾ?

ಹ್ಯಾರಿಯ ಸ್ನೇಹಿತ ರಾನ್ ಸಾಕಿದ್ದ ಇಲಿಯೇ ವೇಷ ಮರೆಸಿದ ಪೀಟರ್. ಫ್ರೆಡ್, ಜಾರ್ಜ್ ರಾನ್‌ನ ಅವಳಿ ಅಣ್ಣಂದಿರು, ನಕ್ಷೆ ಮೊದಲು ಇದ್ದದ್ದು ಅವರ ಹತ್ತಿರ. ಪುಸ್ತಕದಲ್ಲಿ ನೇರ ಉತ್ತರ ಇಲ್ಲ. ನೂರಾರು ಚುಕ್ಕೆಗಳು ಓಡಾಡುವ ನಕ್ಷೆಯಲ್ಲಿ ಅವರು ನೋಡುತ್ತಿದ್ದದ್ದು ಶಾಲೆಯ ಕಾವಲುಗಾರ ಫಿಲ್ಚ್ ಎಲ್ಲಿದ್ದಾನೆ, ದಾರಿ ಖಾಲಿ ಇದೆಯಾ ಅಂತ. ತಮ್ಮ ಮಲಗಿದ್ದಾನಾ ಅಂತ ಯಾರು ನೋಡುತ್ತಾರೆ? ಇನ್ನೊಂದು ವಿಷಯ, ಪುಸ್ತಕದಲ್ಲಿ ಹ್ಯಾರಿ ಕೂಡ ಆ ಹೆಸರನ್ನು ನಕ್ಷೆಯಲ್ಲಿ ನೋಡುವುದಿಲ್ಲ. ನೋಡುವುದು ಲೂಪಿನ್ ಮೇಷ್ಟ್ರು, ಅವರು ಹುಡುಕುತ್ತಿದ್ದದ್ದೇ ಹ್ಯಾರಿ, ರಾನ್, ಹರ್ಮಯನಿ ಈ ಮೂರು ಮಕ್ಕಳನ್ನು. ಹ್ಯಾರಿ ನೋಡುವುದು ಸಿನಿಮಾದಲ್ಲಿ.

ಟೈಮ್ ಟರ್ನರ್ ಇತ್ತಲ್ಲ, ಕಾಲದಲ್ಲಿ ಹಿಂದೆ ಹೋಗಿ ಎಲ್ಲರನ್ನೂ ಉಳಿಸಬಹುದಿತ್ತಲ್ವಾ?

ಇಲ್ಲ. ಮೂರನೇ ಪುಸ್ತಕವನ್ನು ಇನ್ನೊಂದು ಸಲ ನಿಧಾನಕ್ಕೆ ಓದಿ. ಮೊದಲ ಸಲ ಮಕ್ಕಳು ಶಾಲೆಯ ಕಾಡು ಕಾಯುವ ಹ್ಯಾಗ್ರಿಡ್ ಮನೆಯಿಂದ ವಾಪಸ್ ಬರುವಾಗ ಕೊಡಲಿ ಬಿದ್ದ ಸದ್ದು ಕೇಳುತ್ತಾರೆ, ಹಿಂದೆಯೇ ಹ್ಯಾಗ್ರಿಡ್ ಕೂಗು. ಮರಣದಂಡನೆ ಆಗಿದ್ದ ಅವನ ಪ್ರಾಣಿ ಬಕ್‌ಬೀಕ್ ಸತ್ತಿತು ಅಂತ ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು. ಎರಡನೇ ಸಲ ಅದೇ ಹೊತ್ತಿಗೆ ಪೊದೆಯ ಮರೆಯಲ್ಲಿ ನಿಂತಾಗ ತಿಳಿಯುತ್ತದೆ. ಮಕ್ಕಳೇ ಬಿಡಿಸಿಕೊಂಡು ಹೋಗಿದ್ದ ಪ್ರಾಣಿ ಕಾಣದ ಸಿಟ್ಟಿಗೆ, ಕೊಲ್ಲೋಕೆ ಬಂದಾತ ಕೊಡಲಿಯನ್ನು ಬೇಲಿಗೆ ಬೀಸಿದ್ದ. ಹ್ಯಾಗ್ರಿಡ್ ಕೂಗಿದ್ದು ಖುಷಿಗೆ. ಅಂದರೆ ಯಾವುದೂ ಬದಲಾಗಲಿಲ್ಲ, ಬಕ್‌ಬೀಕ್ ಸತ್ತೇ ಇರಲಿಲ್ಲ. ಮೊದಲ ಸಲ ನಡೆದದ್ದರಲ್ಲೇ ಅವರ ಎರಡನೇ ಓಡಾಟವೂ ಸೇರಿತ್ತು. ಹೀಗಿರುವಾಗ ಕಣ್ಣೆದುರೇ ಸತ್ತವರನ್ನು ಉಳಿಸೋಕೆ ಆಗುವುದಿಲ್ಲ.

ಐದನೇ ಪುಸ್ತಕದ ಹೊಡೆದಾಟದಲ್ಲಿ ಮಾಟಗಾರರ ಸರ್ಕಾರದ ಕಚೇರಿ, ಅಂದರೆ ಮಿನಿಸ್ಟ್ರಿಯಲ್ಲಿದ್ದ ಟೈಮ್ ಟರ್ನರ್‌ಗಳೆಲ್ಲ ಒಡೆದುಹೋದವು. 2016ರ ನಾಟಕದಲ್ಲಿ ಮಾತ್ರ ಹಿಂದೆ ಹೋಗಿ ಬದಲಾಯಿಸಿದ್ದು ನಿಜಕ್ಕೂ ಬದಲಾಗುತ್ತದೆ. ಎಷ್ಟೋ ಅಭಿಮಾನಿಗಳು ಆ ನಾಟಕವನ್ನು ಕ್ಯಾನನ್ ಅಂತ ಒಪ್ಪದಿರೋಕೆ ಇದೂ ಒಂದು ಕಾರಣ.

ಎಲ್ಡರ್ ದಂಡ ಕೊನೆಗೆ ಹ್ಯಾರಿಯದು ಹೇಗಾಯಿತು?

ಮೊದಲು ಒಂದು ಮಾತು. ಎಲ್ಡರ್ ಅಂದರೆ ಇಲ್ಲಿ ಹಿರಿಯ ಅಂತಲ್ಲ, ಅದೊಂದು ಮರದ ಹೆಸರು. ಆ ಮರದ ಈ ದಂಡ ಎಲ್ಲಕ್ಕಿಂತ ಬಲಶಾಲಿ ಮಂತ್ರದಂಡ.

ದಂಡ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ ಅಲ್ಲ, ಹಿಂದಿನ ಒಡೆಯನನ್ನು ಸೋಲಿಸಿದ್ದು ಯಾರು ಅನ್ನುವುದು ಮುಖ್ಯ. ಗೋಪುರದ ಮೇಲೆ ಡಂಬಲ್‌ಡೋರ್ ಕೈಯಿಂದ ದಂಡ ಹಾರಿಸಿದ್ದು ಹ್ಯಾರಿಯ ಸಹಪಾಠಿ ಡ್ರೇಕೊ ಮಾಲ್ಫಾಯ್, ಮೇಷ್ಟ್ರು ಸ್ನೇಪ್ ಬಂದು ಡಂಬಲ್‌ಡೋರ್‌ನನ್ನು ಕೊಲ್ಲುವ ಮೊದಲೇ. ಆ ಕ್ಷಣಕ್ಕೆ ದಂಡ ಡ್ರೇಕೊನದು. ಅವನು ಅದನ್ನು ಮುಟ್ಟಲೂ ಇಲ್ಲ. ತಿಂಗಳುಗಟ್ಟಲೆ ಆದಮೇಲೆ ಮಾಲ್ಫಾಯ್ ಮನೆಯಲ್ಲಿ ಹ್ಯಾರಿ ಡ್ರೇಕೊ ಕೈಯಿಂದ ಅವನ ಮಾಮೂಲಿ ದಂಡ ಕಿತ್ತುಕೊಂಡ. ಅಲ್ಲಿಗೆ ಎಲ್ಡರ್ ದಂಡದ ನಿಷ್ಠೆಯೂ ಹ್ಯಾರಿಗೆ ಬಂತು. ಅದು ಆಗ ಡಂಬಲ್‌ಡೋರ್ ಸಮಾಧಿಯೊಳಗಿತ್ತು. ಇದು ತಿಳಿಯದೆ, ಡಂಬಲ್‌ಡೋರ್‌ನನ್ನು ಕೊಂದವನೇ ದಂಡದ ಒಡೆಯ ಅಂದುಕೊಂಡು ವೋಲ್ಡೆಮಾರ್ಟ್ ಸ್ನೇಪ್‌ನನ್ನು ಕೊಂದ, ಸುಮ್ನೆ.

"ಹಾಗಾದರೆ ಅಭ್ಯಾಸ ಮಾಡುವಾಗ ಮಕ್ಕಳು ಒಬ್ಬರ ದಂಡ ಒಬ್ಬರು ಹಾರಿಸಿದ್ದಕ್ಕೆಲ್ಲ ಒಡೆಯ ಬದಲಾಗಬೇಕಲ್ಲ?" ಅಂತ ಕೇಳುತ್ತಾರೆ. ಒಳ್ಳೇ ಪ್ರಶ್ನೆ. ಆಟಕ್ಕೆ ಸೋತದ್ದಕ್ಕೂ ನಿಜವಾಗಿ ಸೋತದ್ದಕ್ಕೂ ದಂಡಕ್ಕೆ ವ್ಯತ್ಯಾಸ ಗೊತ್ತು ಅಂತ ನಾನು ಓದಿಕೊಂಡಿದ್ದೇನೆ. ಪುಸ್ತಕದಲ್ಲಿ ದಂಡಗಳಿಗೆ ಒಂದು ಥರ ಬುದ್ಧಿ ಇದೆ, ಅವು ಒಡೆಯನನ್ನು ತಾವೇ ಆರಿಸಿಕೊಳ್ಳುತ್ತವೆ.

ಸ್ನೇಪ್ ಒಳ್ಳೆಯವನೋ ಕೆಟ್ಟವನೋ?

ಧೈರ್ಯ ಇತ್ತು. ಕರುಣೆ ಇರಲಿಲ್ಲ. ಲಿಲಿ ಮೇಲಿನ ಪ್ರೀತಿಗೆ ಜೀವವನ್ನೇ ಪಣಕ್ಕಿಟ್ಟ, ಸರಿ. ಆದರೆ ನೆವಿಲ್ ಲಾಂಗ್‌ಬಾಟಮ್‌ನನ್ನು ನೆನಪಿಸಿಕೊಳ್ಳಿ. ಅವನ ಅಪ್ಪ ಅಮ್ಮನಿಗೆ ಬುದ್ಧಿ ಕೆಡುವಷ್ಟು ಚಿತ್ರಹಿಂಸೆ ಕೊಟ್ಟಿದ್ದರು. ಅಂಥ ಹುಡುಗನ ಎದುರು ಬೋಗರ್ಟ್ ಬಂದು ಅವನು ಅತಿ ಹೆಚ್ಚು ಹೆದರುವ ರೂಪ ತಾಳಿದಾಗ ಕಂಡಿದ್ದು ಅವನ ಮೇಷ್ಟ್ರು ಸ್ನೇಪ್. ಆ ಪುಟ ದಾಟಿ ಸ್ನೇಪ್‌ನನ್ನು ಪೂರ್ತಿ ಕ್ಷಮಿಸೋಕೆ ನನ್ನಿಂದ ಆಗಿಲ್ಲ.

"ಫ್ಲಿಂಟ್" ಅಂದರೇನು?

ಪುಸ್ತಕದಲ್ಲಿ ಸಿಗುವ ತಪ್ಪಿಗೆ ಅಭಿಮಾನಿಗಳು ಇಟ್ಟ ಹೆಸರು. ಮಾರ್ಕಸ್ ಫ್ಲಿಂಟ್ ಮೊದಲ ಪುಸ್ತಕದಲ್ಲಿ ಆರನೇ ವರ್ಷದ ಹುಡುಗ, ಮೂರನೇ ಪುಸ್ತಕದಲ್ಲೂ ಇನ್ನೂ ಶಾಲೆಯಲ್ಲೇ ಇದ್ದ. ಕೇಳಿದಾಗ ಲೇಖಕಿ ಅವನು ಒಂದು ವರ್ಷ ಫೇಲ್ ಆಗಿದ್ದ ಅಂದರು.

ದೊಡ್ಡ ಫ್ಲಿಂಟ್ ಇರುವುದು ನಾಲ್ಕನೇ ಪುಸ್ತಕದ ಸ್ಮಶಾನದಲ್ಲಿ. ವೋಲ್ಡೆಮಾರ್ಟ್ ದಂಡದಿಂದ ಅವನು ಕೊಂದವರ ನೆರಳುಗಳು ಹಿಂದುಮುಂದಾಗಿ ಹೊರಬರುತ್ತವೆ, ಕೊನೆಗೆ ಸತ್ತವರು ಮೊದಲು. ಜೇಮ್ಸ್ ಸತ್ತ ಮೇಲೆ ಲಿಲಿ ಸತ್ತದ್ದು, ಹಾಗಾಗಿ ಲಿಲಿ ಮೊದಲು ಬರಬೇಕು. 2000ದ ಮೊದಲ ಮುದ್ರಣಗಳಲ್ಲಿ ಜೇಮ್ಸ್ ಮೊದಲು ಬರುತ್ತಾನೆ. ಇದರಲ್ಲಿ ಏನೋ ಗುಟ್ಟಿದೆ ಅಂತ ಥಿಯರಿ ಮೇಲೆ ಥಿಯರಿ ಹುಟ್ಟಿದವು. ಕೊನೆಗೆ ಅದು ಬರೀ ತಪ್ಪು, ಆಮೇಲಿನ ಮುದ್ರಣಗಳಲ್ಲಿ ತಿದ್ದಿದರು. ನಿಮ್ಮ ಮನೆಯ ಪ್ರತಿ ಹಳೆಯದಾದರೆ ತೆಗೆದು ನೋಡಿ.

ಪುಸ್ತಕಗಳು ಬರುವ ಮುಂಚಿನ ಆ ಕಾಯುವ ವರ್ಷಗಳು ಹೇಗಿದ್ದವು?

ಈಗ ಏಳೂ ಒಟ್ಟಿಗೆ ಓದುವವರಿಗೆ ಇದನ್ನು ಹೇಳಿ ತಿಳಿಸುವುದು ಕಷ್ಟ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಮೂರು ವರ್ಷ. ಓದೋಕೆ ಹೊಸದೇನೂ ಇಲ್ಲ, ಇದ್ದದ್ದನ್ನೇ ಮತ್ತೆ ಮತ್ತೆ ಓದಬೇಕು. ಒಂದೊಂದು ಪದಕ್ಕೂ ಭೂತಗನ್ನಡಿ ಹಿಡಿಯುತ್ತಿದ್ದರು.

ನಾಲ್ಕನೇ ಪುಸ್ತಕದ ಕೊನೆಯಲ್ಲಿ ವೋಲ್ಡೆಮಾರ್ಟ್ ತನ್ನ ರಕ್ತ ತೆಗೆದುಕೊಂಡ ಅಂತ ಹ್ಯಾರಿ ಹೇಳುತ್ತಾನೆ. ಒಂದೇ ಒಂದು ಗಳಿಗೆ ಡಂಬಲ್‌ಡೋರ್ ಕಣ್ಣಲ್ಲಿ ಗೆದ್ದವರ ಹೊಳಪು ಕಂಡ ಹಾಗೆ ಅವನಿಗೆ ಅನ್ನಿಸುತ್ತದೆ. ಮರುಗಳಿಗೆಯಲ್ಲೇ ಆ ಮುಖ ಮತ್ತೆ ಮುದಿಯಾಗಿ, ದಣಿದು ಕಾಣುತ್ತದೆ. ಇಷ್ಟೇ, ಒಂದು ಸಾಲು. ಆ ಸಾಲಿನ ಮೇಲೆ ಏಳು ವರ್ಷ ವಾದ ನಡೆಯಿತು. ಡಂಬಲ್‌ಡೋರ್ ಕೆಟ್ಟವನಾ ಅಂತ ಕೂಡ ಕೇಳಿದರು. ಉತ್ತರ ಸಿಕ್ಕಿದ್ದು 2007ರಲ್ಲಿ: ಆ ರಕ್ತದಿಂದಲೇ ವೋಲ್ಡೆಮಾರ್ಟ್ ತಾನಾಗಿ ಹ್ಯಾರಿಯ ಜೀವಕ್ಕೆ ಗಂಟು ಹಾಕಿಕೊಂಡಿದ್ದ.

ಆರನೇ ಪುಸ್ತಕದ ಕೊನೆಯಲ್ಲಿ ಸಿಗುವ ಚೀಟಿಯ ಸಹಿ ಆರ್.ಎ.ಬಿ. ಯಾರದು? ಇದನ್ನು ಬಿಡಿಸಿದ್ದು ಅನುವಾದಗಳು. ಕೆಲವು ಭಾಷೆಗಳಲ್ಲಿ ಬ್ಲ್ಯಾಕ್ ಮನೆತನದ ಹೆಸರನ್ನೂ ಅನುವಾದ ಮಾಡಿದ್ದರು. ಡಚ್ ಪುಸ್ತಕದಲ್ಲಿ ಸಹಿ ಆರ್.ಎ.ಝಡ್., ಅಲ್ಲಿ ಮನೆತನ ಝ್ವಾರ್ಟ್ಸ್. ಫಿನ್ನಿಷ್‌ನಲ್ಲಿ ಆರ್.ಎ.ಎಂ., ಮನೆತನ ಮುಸ್ತಾ. ನಾರ್ವೆಯಲ್ಲಿ ಆರ್.ಎ.ಎಸ್. ಬೇರೆ ಬೇರೆ ದೇಶದ ಓದುಗರು ತಮ್ಮ ತಮ್ಮ ಪ್ರತಿ ತೆಗೆದು ಹೋಲಿಸಿದಾಗ ಗುಟ್ಟು ಬಯಲಾಯಿತು. ಅದು ಹ್ಯಾರಿಯ ಗಾಡ್‌ಫಾದರ್ ಸಿರಿಯಸ್ ಬ್ಲ್ಯಾಕ್‌ನ ತಮ್ಮ ರೆಗ್ಯುಲಸ್. ಕೊನೆಯ ಪುಸ್ತಕ ಬಂದು ಹೌದು ಅನ್ನುವ ಹೊತ್ತಿಗೆ ಅಭಿಮಾನಿಗಳಿಗೆ ಅದು ಹಳೇ ಸುದ್ದಿ. ಈ ಲೋಕದ ಬಗ್ಗೆ ಯಾರಾದರೂ ಒಂದೇ ಕಥೆ ಹೇಳು ಅಂದರೆ ನಾನು ಹೇಳುವುದು ಇದನ್ನೇ.

ಶಿಪ್ಪಿಂಗ್ ಜಗಳ ಅಂದರೆ ಯಾವುದು?

ಯಾರಿಗೆ ಯಾರು ಜೋಡಿ ಅನ್ನುವ ಜಗಳ. ದೊಡ್ಡದು ಹ್ಯಾರಿ–ಹರ್ಮಯನಿ ಬಣಕ್ಕೂ ರಾನ್–ಹರ್ಮಯನಿ ಬಣಕ್ಕೂ ನಡುವಿನದು. 2005ರಲ್ಲಿ ಲೇಖಕಿಯ ಜೊತೆ ಮಾತಾಡುವಾಗ ಸಂದರ್ಶಕರೊಬ್ಬರು ಮೊದಲ ಬಣದವರು ಭ್ರಮೆಯಲ್ಲಿದ್ದಾರೆ ಅಂದುಬಿಟ್ಟರು. ಆ ಒಂದು ಪದದ ನೋವು ವರ್ಷಗಟ್ಟಲೆ ಉಳಿಯಿತು. 2014ರಲ್ಲಿ ಸಿನಿಮಾದ ಹರ್ಮಯನಿ ಎಮ್ಮಾ ವಾಟ್ಸನ್ ಜೊತೆ ಮಾತಾಡುತ್ತಾ ಲೇಖಕಿಯೇ, ರಾನ್–ಹರ್ಮಯನಿ ಜೋಡಿ ತಮ್ಮ ಸ್ವಂತ ಆಸೆಗೆ ಬರೆದದ್ದು ಅಂದಾಗ ಆರಿದ ಬೆಂಕಿ ಮತ್ತೆ ಹತ್ತಿಕೊಂಡಿತು. ನನಗೆ ಬರೆದಿರುವ ಜೋಡಿಯೇ ಸರಿ ಅನ್ನಿಸುತ್ತದೆ. ಇನ್ನೊಂದು ಬಣದವರೂ ಅಷ್ಟೇ ಪ್ರೀತಿಯಿಂದ ಓದಿದವರು.

ಫ್ಯಾನ್‌ಫಿಕ್ಷನ್ ಬರೆಯಬಹುದಾ?

ಬರೆಯಿರಿ. ದುಡ್ಡಿಗೆ ಮಾರದಿದ್ದರೆ, ಅಶ್ಲೀಲ ಇಲ್ಲದಿದ್ದರೆ ತಮ್ಮ ಅಡ್ಡಿ ಇಲ್ಲ ಅಂತ ಲೇಖಕಿಯ ಕಡೆಯವರು 2004ರಲ್ಲೇ ಹೇಳಿದ್ದರು. ಮಾರಾಟಕ್ಕೆ ಇಳಿದರೆ ಬೇರೆ ಮಾತು. ಅಭಿಮಾನಿಯೊಬ್ಬರು 2000ದಲ್ಲಿ ಶುರು ಮಾಡಿದ ಲೆಕ್ಸಿಕಾನ್ ಅನ್ನುವ ಮಾಹಿತಿ ಕೋಶವನ್ನು ತಾವೂ ನೋಡಿ ವಿವರ ಸರಿಪಡಿಸಿಕೊಂಡಿದ್ದಾಗಿ ಲೇಖಕಿ ಹೊಗಳಿದ್ದರು. ಅದೇ ಕೋಶ ಪುಸ್ತಕವಾಗಿ ಮಾರಾಟಕ್ಕೆ ಹೊರಟಾಗ ಕೇಸ್ ಹಾಕಿದರು, 2008ರಲ್ಲಿ ನ್ಯೂಯಾರ್ಕ್ ಕೋರ್ಟು ಆ ರೂಪದಲ್ಲಿ ಪ್ರಕಟಿಸಬಾರದು ಅಂದಿತು. ಬದಲಾಯಿಸಿದ ಪುಸ್ತಕ ಮರುವರ್ಷ ಬಂತು.

ಕ್ವಿಡಿಚ್ ನಿಜವಾಗಿ ಆಡುತ್ತಾರಾ?

ಆಡುತ್ತಾರೆ. 2005ರಲ್ಲಿ ಅಮೆರಿಕದ ವರ್ಮಾಂಟ್‌ನ ಮಿಡ್ಲ್‌ಬರಿ ಕಾಲೇಜಿನ ಹುಡುಗರು ಶುರು ಮಾಡಿದರು. ಕಾಲ ಸಂದಿಯಲ್ಲಿ ಕೋಲು ಹಿಡಿದು ಓಡಬೇಕು. ಸ್ನಿಚ್ ಅಂದರೆ ಓಡುವ ಒಬ್ಬ ಮನುಷ್ಯ, ಅವನ ಬೆನ್ನ ಹಿಂದೆ ಸಿಕ್ಕಿಸಿದ ಚೆಂಡು ಕೀಳಬೇಕು. 2022ರಲ್ಲಿ ಆಟದ ಹೆಸರು ಕ್ವಾಡ್‌ಬಾಲ್ ಅಂತ ಬದಲಾಯಿತು.

ಹೆಸರು ಯಾಕೆ ಬದಲಾಯಿಸಿದರು? ಲೇಖಕಿಯ ಅಭಿಪ್ರಾಯ ಒಪ್ಪದವರು ಏನು ಮಾಡಬೇಕು?

ಎರಡು ಕಾರಣ. ಕ್ವಿಡಿಚ್ ಹೆಸರಿನ ಟ್ರೇಡ್‌ಮಾರ್ಕ್ ವಾರ್ನರ್ ಬ್ರದರ್ಸ್ ಬಳಿ ಇದೆ. ಜೊತೆಗೆ ಟ್ರಾನ್ಸ್‌ಜೆಂಡರ್ ವಿಷಯದಲ್ಲಿ ಲೇಖಕಿಯ ಮಾತುಗಳನ್ನು ಆಟಗಾರರು ಒಪ್ಪಲಿಲ್ಲ. ಮಗಲ್‌ನೆಟ್, ಲೀಕಿ ಕಾಲ್ಡ್ರನ್ ಅನ್ನುವ ಎರಡು ಹಳೆಯ ಅಭಿಮಾನಿ ತಾಣಗಳೂ 2020ರಲ್ಲಿ ಒಟ್ಟಾಗಿ ಲೇಖಕಿಯಿಂದ ದೂರ ನಿಂತವು. ಕೆಲವರು ಓದುವುದನ್ನೇ ಬಿಟ್ಟರು, ಕೆಲವರು ಹೊಸದಾಗಿ ಏನೂ ಕೊಳ್ಳುವುದಿಲ್ಲ, ಕೆಲವರು ಅವರ ಮಾತನ್ನು ಒಪ್ಪುತ್ತಾರೆ. ಈ ಲೋಕವೇ ತಮಗೆ ಮನೆ ಅಂದುಕೊಂಡಿದ್ದ ಎಷ್ಟೋ ಜನರಿಗೆ ಇದರಿಂದ ನಿಜವಾಗಿ ನೋವಾಗಿದೆ. ಅವರು ಆ ನೋವು ಹೇಳಿಕೊಂಡಾಗ ಬಾಯಿ ಮುಚ್ಚಿಸಬೇಡಿ.

ಎರಡನೇ ಸಲ ಓದುವಾಗ ಏನನ್ನು ಗಮನಿಸಬೇಕು?

ಸುಮ್ಮನೆ ಬಂದುಹೋಗುವ ಸಾಮಾನುಗಳನ್ನು. ಮೊದಲ ಅಧ್ಯಾಯದಲ್ಲೇ ಹ್ಯಾಗ್ರಿಡ್, ಬೈಕು ಸಿರಿಯಸ್ ಬ್ಲ್ಯಾಕ್‌ನದು ಅಂತ ಹೇಳಿಬಿಡುತ್ತಾನೆ, ಎರಡು ಪುಸ್ತಕ ದಾಟುವವರೆಗೆ ಆ ಹೆಸರು ನಮಗೆ ಮರೆತೇ ಹೋಗಿರುತ್ತದೆ. ಐದನೇ ಪುಸ್ತಕದಲ್ಲಿ ಸಿರಿಯಸ್ ಮನೆ ಗುಡಿಸುವಾಗ ಯಾರಿಂದಲೂ ತೆರೆಯಲಾಗದ ಒಂದು ಭಾರದ ಲಾಕೆಟ್ ಸಿಗುತ್ತದೆ, ಅದೇ ಹಾರ್‌ಕ್ರಕ್ಸ್, ಅಂದರೆ ವೋಲ್ಡೆಮಾರ್ಟ್ ತನ್ನ ಆತ್ಮದ ತುಣುಕು ಅಡಗಿಸಿಟ್ಟ ವಸ್ತು. ಎರಡನೇ ಪುಸ್ತಕದಲ್ಲಿ ಹ್ಯಾರಿಯನ್ನು ಫಿಲ್ಚ್ ಕೈಯಿಂದ ಬಿಡಿಸೋಕೆ ನಿಕ್, ಪೀವ್ಸ್‌ಗೆ ಪುಸಲಾಯಿಸಿ ಒಂದು ಮಾಯದ ಕಪಾಟನ್ನು (ಶಾಲೆಯ ಹೊರಗಿರುವ ಅದರ ಜೋಡಿ ಕಪಾಟಿನಿಂದ ಒಳಗೆ ಬರಲು ದಾರಿ) ಕೆಡವಿಸುತ್ತಾನೆ. ಮುರಿದ ಆ ಕಪಾಟಿನೊಳಗೆ ಐದನೇ ಪುಸ್ತಕದಲ್ಲಿ ಅವಳಿಗಳು ಮಾಂಟೆಗ್ಯೂನನ್ನು ತಳ್ಳುತ್ತಾರೆ. ಅವನ ಕಥೆ ಕೇಳಿ ಡ್ರೇಕೊ ಅದನ್ನು ಆರನೇ ಪುಸ್ತಕದಲ್ಲಿ ರಿಪೇರಿ ಮಾಡುತ್ತಾನೆ, ಡಂಬಲ್‌ಡೋರ್ ಸಾಯುವ ರಾತ್ರಿ ಕೊಲೆಗಾರರು ಒಳಗೆ ಬರುವುದು ಅದರಿಂದಲೇ.

ಅದೇ ಆರನೇ ಪುಸ್ತಕದಲ್ಲಿ ಹ್ಯಾರಿ ತನ್ನ ಪುಸ್ತಕ ಬಚ್ಚಿಡೋಕೆ ಅವಸರದಲ್ಲಿ ಓಡುತ್ತಾನೆ. ಜಾಗ ಗುರುತಿರಲಿ ಅಂತ ಒಂದು ಒಡೆದ ಪ್ರತಿಮೆ ಎತ್ತಿಡುತ್ತಾನೆ, ಅದರ ತಲೆಗೆ ಧೂಳು ಹಿಡಿದ ವಿಗ್ ಇಡುತ್ತಾನೆ, ವಿಗ್ ಮೇಲೆ ಬಣ್ಣ ಹೋದ ಹಳೇ ಕಿರೀಟ. ಆ ಕಿರೀಟವೂ ಒಂದು ಹಾರ್‌ಕ್ರಕ್ಸ್ ಅನ್ನುವುದು ಅವನಿಗೆ ಗೊತ್ತಾಗುವುದು ಒಂದು ವರ್ಷದ ಮೇಲೆ.